ಕಡೂರು, ತರೀಕೆರೆ ಮತ್ತು ಅಜ್ಜಂಪುರ ಪ್ರದೇಶದ ಹಿಂಡಿ ಪೂರೈಕೆ

ಹಿಂಡಿ ಎಂಬುದು ಎಣ್ಣೆಕಾಳುಗಳಿಂದ ಎಣ್ಣೆ ತೆಗೆದ ಬಳಿಕ ಉಳಿಯುವ ಉಪೋತ್ಪನ್ನ. ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ ಹಾಗೂ ಹಿಂದೆ ತರೀಕೆರೆ ತಾಲ್ಲೂಕಿನ ಭಾಗವಾಗಿದ್ದ ಅಜ್ಜಂಪುರದಲ್ಲಿ ಇದನ್ನು ಪಶು ಆಹಾರವಾಗಿಯೂ ತೋಟದ ಗೊಬ್ಬರವಾಗಿಯೂ ಬಳಸುತ್ತಾರೆ.

ಮೂಲಗಳು

ಮಳೆಯಾಶ್ರಿತ ಹೊಲಗಳ ಕಡಲೆಕಾಯಿ, ಎಳ್ಳು, ಹುಚ್ಚೆಳ್ಳು ಮತ್ತು ಸೂರ್ಯಕಾಂತಿ ಹಿಂಡಿಯ ಮುಖ್ಯ ಮೂಲಗಳು. ಹೊಂಗೆ ಮತ್ತು ಬೇವಿನ ಹಿಂಡಿಯನ್ನು ಸಾಮಾನ್ಯವಾಗಿ ಗೊಬ್ಬರಕ್ಕೆ ಬಳಸಲಾಗುತ್ತದೆ. ಕಡೂರು ತೆಂಗಿನ ಸೀಮೆಯಾದರೂ, ತಿಪಟೂರು–ಅರಸೀಕೆರೆ ಭಾಗದಂತೆ ಇಲ್ಲಿಯೂ ಉಂಡೆ ಕೊಬ್ಬರಿಯೇ ಪ್ರಧಾನ. ಅದು ಹೆಚ್ಚಾಗಿ ತಿನ್ನುವುದಕ್ಕೆ ಮಾರಾಟವಾಗುವುದರಿಂದ, ತೆಂಗಿನ ಇಳುವರಿಗೆ ತಕ್ಕಷ್ಟು ಕೊಬ್ಬರಿ ಹಿಂಡಿ ದೊರೆಯುವುದಿಲ್ಲ.

ಪೂರೈಕೆಯ ಬದಲಾವಣೆ

ಎತ್ತಿನ ಗಾಣಗಳಿದ್ದ ಕಾಲದಲ್ಲಿ ಹಿಂಡಿ ಊರಿನಲ್ಲಿಯೇ ಉಳಿಯುತ್ತಿತ್ತು. ಗಿರಣಿಗಳು ಬಂದ ಮೇಲೆ ಕಾಳು ಪಟ್ಟಣ ಸೇರಿತು. ಹಿಂಡಿ ಕೊಂಡು ತರುವ ಸರಕಾಯಿತು. 1986ರಲ್ಲಿ ಆರಂಭವಾದ ಎಣ್ಣೆಕಾಳು ತಂತ್ರಜ್ಞಾನ ಮಿಷನ್ ದೇಶದಲ್ಲಿ ಉತ್ಪಾದನೆಯನ್ನು ಹೆಚ್ಚಿಸಿತು. 1994ರಲ್ಲಿ ಪಾಮೊಲೀನ್ ಆಮದು ಮುಕ್ತವಾಯಿತು. ಆಮದಾದ ಎಣ್ಣೆಯೊಂದಿಗೆ ಹಿಂಡಿ ಬರುವುದಿಲ್ಲ. 1990ರ ದಶಕದ ಬಳಿಕ ಕರ್ನಾಟಕದಲ್ಲಿ ಕಡಲೆಕಾಯಿ ಬೆಳೆಯುವ ಪ್ರದೇಶವೂ ಕುಗ್ಗಿತು.

ಇದೇ ಅವಧಿಯಲ್ಲಿ ಕೊಳವೆಬಾವಿ ಮತ್ತು ಭದ್ರಾ ನೀರಾವರಿಯ ಆಸರೆಯಲ್ಲಿ ಅಡಿಕೆ ತೋಟಗಳು ವಿಸ್ತರಿಸಿದವು. ಅಡಿಕೆಯಿಂದ ಹಿಂಡಿ ಹುಟ್ಟುವುದಿಲ್ಲ. ಬದಲಿಗೆ ಅಡಿಕೆ ತೋಟಕ್ಕೆ ಹಿಂಡಿ ಗೊಬ್ಬರ ಬೇಕು. ಹೀಗೆ ಸ್ಥಳೀಯ ಮೂಲ ಕ್ಷೀಣಿಸಿದಾಗಲೇ ಬೇಡಿಕೆ ಬೆಳೆಯಿತು.

ಗುಣಮಟ್ಟ

ಗಾಣದ ಹಿಂಡಿಯಲ್ಲಿ ಎಣ್ಣೆಯ ಅಂಶ ಗಣನೀಯವಾಗಿ ಉಳಿದಿರುತ್ತದೆ. ದ್ರಾವಕ ವಿಧಾನದ ಹಿಂಡಿಯಲ್ಲಿ ಅದು ಸುಮಾರು ಶೇ 1 ಮಾತ್ರ. ಕಡಲೆಕಾಯಿ ಹಿಂಡಿಯಲ್ಲಿ ಸಸಾರಜನಕ ಸುಮಾರು ಶೇ 45ರಷ್ಟಿದ್ದರೆ ಕೊಬ್ಬರಿ ಹಿಂಡಿಯಲ್ಲಿ ಅದರ ಅರ್ಧದಷ್ಟಿರುತ್ತದೆ. ತೇವದಲ್ಲಿ ಕೂಡಿಟ್ಟ ಕಡಲೆಕಾಯಿ ಹಿಂಡಿಗೆ ಬೂಷ್ಟು ಹಿಡಿದು, ರಾಸುಗಳಿಗೆ ಹಾನಿಕರವಾದ ಅಫ್ಲಟಾಕ್ಸಿನ್ ಉಂಟಾಗಬಹುದು.