ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿ ಅಂಗವಿಕಲರ ಬಸ್ ಪ್ರಯಾಣ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳಲ್ಲಿ ಸರ್ಕಾರಿ ಬಸ್ ಸೇವೆಯನ್ನು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವು ಒದಗಿಸುತ್ತದೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳವರಿಗೆ ವಾರ್ಷಿಕ ರಿಯಾಯಿತಿ ಪಾಸ್, ಅಂಧರಿಗೆ ಉಚಿತ ಪಾಸ್ ದೊರೆಯುತ್ತದೆ. ಅರ್ಜಿಯನ್ನು ಸೇವಾ ಸಿಂಧು ಜಾಲತಾಣದಲ್ಲಿ ಸಲ್ಲಿಸಬಹುದು. ರಿಯಾಯಿತಿ ಪಾಸ್ ವಾಸಸ್ಥಳದಿಂದ 100 ಕಿ.ಮೀ. ವರೆಗಿನ ಪ್ರಯಾಣಕ್ಕೆ ಅನ್ವಯಿಸುತ್ತದೆ. ಸಿಂಧನೂರಿನವರಿಗೆ ಜಿಲ್ಲಾ ಕೇಂದ್ರವಾದ ರಾಯಚೂರು ಈ ಮಿತಿಯೊಳಗಿದೆ; ವಿಭಾಗೀಯ ಕೇಂದ್ರವಾದ ಕಲಬುರಗಿ ಮೂರೂ ಪಟ್ಟಣಗಳಿಂದ ಮಿತಿಯ ಆಚೆಗಿದೆ.

ಪಾಸಿನಿಂದ ಪ್ರಯಾಣವೆಚ್ಚ ತಗ್ಗುತ್ತದೆ. ಆದರೆ ಸಾಮಾನ್ಯ ಬಸ್ಸುಗಳ ಎತ್ತರದ ಮೆಟ್ಟಿಲುಗಳನ್ನು ಗಾಲಿಕುರ್ಚಿ ಬಳಸುವವರು ಪರರ ನೆರವಿಲ್ಲದೆ ಏರಲಾರರು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 41ನೆಯ ಕಲಮಿನ ಪ್ರಕಾರ ನಿಲ್ದಾಣಗಳ ಶೌಚಾಲಯ, ಟಿಕೆಟ್ ವ್ಯವಸ್ಥೆ ಹಾಗೂ ವಾಹನಗಳು ಅವರಿಗೆ ಸುಗಮವಾಗಿ ಬಳಸುವಂತಿರಬೇಕು. ತಾಂತ್ರಿಕವಾಗಿ ಸಾಧ್ಯವಿರುವಲ್ಲಿ ಹಳೆಯ ವಾಹನಗಳನ್ನೂ ಮಾರ್ಪಡಿಸಬೇಕು.