ಚಿಕಾಗೋ ಗ್ಯಾಂಗ್ ಜಮಾವಣೆ ಕಾನೂನು
ಅಮೆರಿಕದ ಚಿಕಾಗೋ ನಗರ 1992ರಲ್ಲಿ ತಂದ ಸ್ಥಳೀಯ ಕಾನೂನು. ಉದ್ದೇಶವಿಲ್ಲದೆ ಬೀದಿಯಲ್ಲಿ ನಿಂತವರಲ್ಲಿ ಒಬ್ಬ ಗ್ಯಾಂಗಿನವನೆಂದು ಪೊಲೀಸರಿಗೆ ಅನ್ನಿಸಿದರೂ ಸಾಕು, ಜೊತೆಗಿದ್ದವರೆಲ್ಲ ಚದುರಬೇಕಿತ್ತು. ಇಲ್ಲವಾದರೆ 500 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಮೂರು ವರ್ಷಗಳಲ್ಲಿ 42,000ಕ್ಕೂ ಹೆಚ್ಚು ಜನ ಬಂಧಿತರಾದರು. ಗ್ಯಾಂಗುಗಳಿಗೆ ಹೆದರಿದ ನಿವಾಸಿಗಳ ಸಂಕಟ ನಿಜವಾದದ್ದೇ. ಆದರೆ ಸುಮ್ಮನೆ ನಿಂತವನ ಉದ್ದೇಶವನ್ನು ಅಳೆಯುವ ಅಧಿಕಾರ ಪೂರ್ತಿಯಾಗಿ ಪೇದೆಯ ಕೈಗೆ ಹೋಗಿದ್ದು ಘೋರ ಅನ್ಯಾಯ. ತಂದೆಯೊಡನೆ ರಿಗ್ಲಿ ಫೀಲ್ಡ್ ಕ್ರೀಡಾಂಗಣದ ಬಳಿ ನಿಂತ ಗ್ಯಾಂಗ್ ಸದಸ್ಯ ದರೋಡೆಗೆ ಬಂದನೋ, ಬೇಸ್‌ಬಾಲ್ ತಾರೆ ಸ್ಯಾಮಿ ಸೋಸಾನನ್ನು ನೋಡಲು ಬಂದನೋ ಎಂಬುದು ಈ ಕಾನೂನಿಗೆ ಲೆಕ್ಕಕ್ಕೇ ಇಲ್ಲವೆಂದು ನ್ಯಾಯಮೂರ್ತಿ ಜಾನ್ ಪಾಲ್ ಸ್ಟೀವನ್ಸ್ ತೋರಿಸಿಕೊಟ್ಟರು. 1999ರಲ್ಲಿ ‘ಚಿಕಾಗೋ ವಿರುದ್ಧ ಮೊರಾಲೆಸ್’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 6–3 ಬಹುಮತದಿಂದ ಇದನ್ನು ಅಸ್ಪಷ್ಟ, ಅಸಾಂವಿಧಾನಿಕ ಎಂದಿತು. ಮರುವರ್ಷವೇ ನಗರ ತಿದ್ದಿದ ಕಾನೂನನ್ನು ತಂದಿತು.