ಗಡಿ ದಾಟಿ ಬಂದ ಇಲಿ

ಕಾಡಿನಲ್ಲೊಂದು ಇಲಿ. ಮಹಾ ತುಂಟ. ಒಂದು ದಿನ ಯಾವುದೋ ಬೇರೆ ಗ್ರಹದವರು ಬಂದು ಅದನ್ನು ಹಿಡಿದೊಯ್ದು ಅದರ ಮೇಲೆ ಪ್ರಯೋಗ ಮಾಡುತ್ತಾರೆ. ಭೂಮಿಗೆ ಮರಳುವಷ್ಟರಲ್ಲಿ ಇಲಿಗೆ ಹಾರಲು ಬರುತ್ತದೆ. ಗುದ್ದಿದರೆ ಎಂಥ ಮೃಗವೂ ಉರುಳುತ್ತದೆ. ತುಂಟತನ ಬಿಟ್ಟು ಅದು ಕಾಡಿನ ಕಾವಲಿಗೆ ನಿಲ್ಲುತ್ತದೆ. ಕೋಟ್ಟಯಂನ ಮಂಗಳಂ ಪ್ರಕಾಶನದ ‘ಬಾಲಮಂಗಳಂ’ ಪತ್ರಿಕೆಗಾಗಿ 1983ರಲ್ಲಿ ಎನ್. ಸೋಮಶೇಖರನ್ ಕಥೆ ಬರೆದು, ಬೇಬಿ ಚಿತ್ರ ಬಿಡಿಸಿದ ಈ ಇಲಿಗೆ ಮಲಯಾಳದಲ್ಲಿ ಡಿಂಕನ್ ಎಂದು ಹೆಸರು. ಕನ್ನಡದ ‘ಬಾಲಮಂಗಳ’ಕ್ಕೆ ಬಂದಾಗ ಅದು ಡಿಂಗ ಆಯಿತು.

ಪುತ್ತೂರು ತಾಲೂಕಿನ ನೆಟ್ಟಣಿಗೆ ಮುಡ್ನೂರು ಗ್ರಾಮದ ಈಶ್ವರಮಂಗಲಕ್ಕೆ ಈ ಇಲಿ ಪರದೇಶಿಯೇನಲ್ಲ. ಪೇಟೆಯಿಂದ ಮುಂದೆ ಹೋದರೆ ಗಾಳಿಮುಖ, ಅಲ್ಲಿಂದಾಚೆ ಕೇರಳ. ಗಡಿಯ ಆಚೆಗೂ ಒಂದು ನೆಟ್ಟಣಿಗೆ ಇದೆ. 1956ರ ನವೆಂಬರ್ 1ಕ್ಕೆ ಮುಂಚೆ ಎರಡೂ ಕಡೆಯವರು ಒಂದೇ ದಕ್ಷಿಣ ಕನ್ನಡ ಜಿಲ್ಲೆಯವರು. ಗೆರೆ ಬಿದ್ದ ಮೇಲೂ ಹೆಣ್ಣು ಕೊಡುವುದು, ತರುವುದು, ಭೂತದ ಕೋಲಕ್ಕೆ, ಯಕ್ಷಗಾನದ ಆಟಕ್ಕೆ ಹೋಗಿ ಬರುವುದು ನಿಲ್ಲಲಿಲ್ಲ. ತುಳು, ಕನ್ನಡ, ಮಲಯಾಳ, ಹವ್ಯಕ, ಬ್ಯಾರಿ ಎಲ್ಲವೂ ಒಂದೇ ಅಂಗಡಿಯ ಮುಂದೆ ಕೇಳಿಸುವ ಸೀಮೆ ಇದು. ಇಂಥ ಕಡೆ ಒಂದು ಇಲಿ ಭಾಷೆ ಬದಲಾಯಿಸಿಕೊಂಡು ಗಡಿ ದಾಟಿದ್ದು ಸುದ್ದಿಯೇ ಅಲ್ಲ.

ಸುದ್ದಿ ಬೇರೆಯೇ ಇದೆ. ಸೂಪರ್‌ಹೀರೋ ಎಂದರೆ ಅಮೆರಿಕದಿಂದ ಬಂದ ಹುಚ್ಚು, ಟಿವಿ ತಂದ ಕೇಡು ಎಂದು ಹಿರಿಯರು ಗೊಣಗುವುದುಂಟು. ಪುತ್ತೂರು, ಸುಳ್ಯ, ಕಡಬದ ಮಟ್ಟಿಗಂತೂ ಈ ಮಾತು ನಿಲ್ಲುವುದಿಲ್ಲ. ಹಾರುವವರು, ಸೆರೆ ಒಡೆಯುವವರು, ಸತ್ತ ಮೇಲೂ ಕರೆದರೆ ಬರುವವರು ಇಲ್ಲಿ ಮೊದಲೇ ಇದ್ದರು. ಹೊಸದಾಗಿ ಬಂದದ್ದು ಶಕ್ತಿಯಲ್ಲ. ಆ ಶಕ್ತಿ ಬಂದದ್ದು ಹೇಗೆ ಎಂಬುದಕ್ಕೆ ಇನ್ನೊಂದು ಉತ್ತರ.

ಈಶ್ವರಮಂಗಲದ ನೆರೆಯಲ್ಲೇ ಪಡುಮಲೆ. ಸುಮಾರು ಐನೂರು ವರ್ಷಗಳ ಹಿಂದೆ ಬದುಕಿದ್ದರೆಂದು ಜನ ನಂಬುವ ಕೋಟಿ-ಚೆನ್ನಯರ ಕಥೆ ಶುರುವಾಗುವುದು ಇಲ್ಲಿಂದ. ಪಡುಮಲೆಯ ಬಲ್ಲಾಳನ ಕಾಲಿನ ಹುಣ್ಣು ಯಾವ ವೈದ್ಯರಿಗೂ ಬಗ್ಗದಾದಾಗ ತುಂಬು ಗರ್ಭಿಣಿ ದೇಯಿ ಬೈದೆತಿಯನ್ನು ಕರೆಸುತ್ತಾರೆ. ಅವಳು ಮದ್ದು ಮಾಡಿ ವಾಸಿಮಾಡುತ್ತಾಳೆ, ಅವಳಿ ಮಕ್ಕಳನ್ನು ಹೆತ್ತು ತೀರಿಕೊಳ್ಳುತ್ತಾಳೆ. ಬೆಳೆದ ಮಕ್ಕಳು ಗದ್ದೆಯ ನೀರಿನ ಜಗಳದಲ್ಲಿ ಬಲ್ಲಾಳನ ಮಂತ್ರಿ ಬುದ್ಯಂತನನ್ನು ಕೊಂದು ಊರು ಬಿಡುತ್ತಾರೆ. ಪಂಜದಲ್ಲಿ ಅಕ್ಕ ಕಿನ್ನಿದಾರು ಸಿಗುತ್ತಾಳೆ, ಸೆರೆಮನೆಯೂ ಸಿಗುತ್ತದೆ. ಅದನ್ನು ಒಡೆದು ಹೊರಬೀಳುತ್ತಾರೆ. ಎಣ್ಮೂರಿನಲ್ಲಿ ಆಸರೆ. ಒಂದು ಕಾಡುಹಂದಿಯ ನೆಪದಲ್ಲಿ ಯುದ್ಧ, ಅದರಲ್ಲಿ ಇಬ್ಬರ ಅಂತ್ಯ. ನಕಾಶೆ ತೆಗೆದು ನೋಡಿದರೆ ಈ ವೀರಗಾಥೆಯ ಮೂರು ಅಂಕಗಳೂ ಪುತ್ತೂರು, ಸುಳ್ಯ, ಕಡಬದ ಸೀಮೆಯೊಳಗೇ ಮುಗಿಯುತ್ತವೆ.

ಬದುಕಿದ್ದಷ್ಟು ದಿನ ಅವರು ಸೂಪರ್‌ಹೀರೋಗಳಲ್ಲ ಎಂಬುದನ್ನು ಗಮನಿಸಬೇಕು. ಗಟ್ಟಿ ಆಳುಗಳು, ಅಷ್ಟೆ. ತುಳುವಿನಲ್ಲಿ ‘ಜೋಗ’ ಮತ್ತು ‘ಮಾಯ’ ಎಂಬ ಎರಡು ಮಾತುಗಳಿವೆ. ಮೈಯೊಂದಿಗೆ ಇರುವುದು ಜೋಗ. ಮೈ ಬಿಟ್ಟು ಶಕ್ತಿಯಾಗಿ ನಿಲ್ಲುವುದು ಮಾಯ. ಸೂಪರ್‌ಮ್ಯಾನ್ ಶಕ್ತಿ ಹೊತ್ತೇ ಭೂಮಿಗೆ ಬೀಳುತ್ತಾನೆ. ಕೋಟಿ-ಚೆನ್ನಯರಿಗೆ ಅದು ಸಿಗುವುದು ಮಾಯವಾದ ಮೇಲೆ. ಆಮೇಲೆ ಅವರನ್ನು ಆರಾಧಿಸುವ ಗರಡಿಗಳು ಏಳುತ್ತವೆ, ನೇಮ ಎಂಬ ಭೂತಾರಾಧನೆ ನಡೆಯುತ್ತದೆ. ಅರವತ್ತಾರು ಗರಡಿ ಎಂಬುದು ಇಲ್ಲಿ ಬಾಯಿಪಾಠವಾದ ಲೆಕ್ಕ.

ಈ ಕಥೆಗೆ ಪುಸ್ತಕ ಬೇಕಿರಲಿಲ್ಲ. ನೇಜಿ ನೆಡುವಾಗ ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ನಿಂತ ಹೆಂಗಸರಲ್ಲಿ ಒಬ್ಬಳು ಪಾಡ್ದನದ, ಅಂದರೆ ತುಳು ಕಥನಗೀತೆಯ, ಸಾಲು ಎತ್ತಿದರೆ ಉಳಿದವರು ಅದನ್ನು ಹಿಡಿಯುತ್ತಿದ್ದರು. ಗದ್ದೆ ಮುಗಿಯುವ ಹೊತ್ತಿಗೆ ಪಂಜದ ಸೆರೆ ಒಡೆದಿರುತ್ತಿತ್ತೋ ಇಲ್ಲವೋ, ಉಳಿದದ್ದು ನಾಳೆಗೆ. ಧಾರಾವಾಹಿ ಎಂಬ ಪದ ಬರುವ ಮೊದಲೇ ಧಾರಾವಾಹಿ ಇತ್ತು. ಅಚ್ಚಿಗೆ ಬಂದದ್ದು ತಡವಾಗಿ. ಬಾಸೆಲ್ ಮಿಶನ್ನಿನ ಆಗುಸ್ಟ್ ಮ್ಯಾನರ್ 1886ರಲ್ಲಿ ಮಂಗಳೂರಿನಲ್ಲಿ ಪಾಡ್ದನಗಳ ಸಂಗ್ರಹ ಅಚ್ಚು ಹಾಕಿಸಿದ. ಎ.ಸಿ. ಬರ್ನೆಲ್ ಕೂಡಿಸಿಟ್ಟದ್ದು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ 1894ರಿಂದ ಬೆಳಕು ಕಂಡಿತು. ಕನ್ನಡದ ಮಕ್ಕಳ ಕೈಗೆ ಕೊಟ್ಟವರು ಪಂಜೆ ಮಂಗೇಶರಾಯರು. ಅವರ ‘ಕೋಟಿ ಚೆನ್ನಯ’ 1924ರದ್ದು. ಹೆಸರಿನಲ್ಲೇ ಪಂಜ ಇದ್ದವರು ಆ ಕೆಲಸಕ್ಕೆ ಇಳಿದದ್ದು ಚೆನ್ನಾಗಿ ಹೊಂದುತ್ತದೆ. 1973ರಲ್ಲಿ ವಿಶುಕುಮಾರ್ ಇದನ್ನೇ ತುಳು ಸಿನಿಮಾ ಮಾಡಿದರು.

ಕಿವಿಗೆ ಪಾಡ್ದನವಾದರೆ ಕಣ್ಣಿಗೆ ಯಕ್ಷಗಾನ. ತೆಂಕುತಿಟ್ಟಿನ ಬಣ್ಣದ ವೇಷ ಸಿದ್ಧವಾಗುವುದನ್ನು ಬಣ್ಣದ ಮನೆಯಾದ ಚೌಕಿಯಲ್ಲಿ ಕೂತು ನೋಡಿದ ಹುಡುಗನಿಗೆ ಹಾಲಿವುಡ್ಡಿನ ಮೇಕಪ್ ಅಷ್ಟೇನೂ ಬೆರಗು ಹುಟ್ಟಿಸಲಾರದು. ಅಕ್ಕಿಹಿಟ್ಟು, ಸುಣ್ಣ ಕಲಸಿದ ಹದವನ್ನು ಕಡ್ಡಿಯ ತುದಿಯಿಂದ ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಇಡುತ್ತಾರೆ. ಒಂದರ ಮೇಲೊಂದು ಕೂತು ಅವು ಮುಳ್ಳಾಗಿ ಏಳುತ್ತವೆ. ಇದಕ್ಕೆ ಚಿಟ್ಟಿ ಎನ್ನುತ್ತಾರೆ. ಗಂಟೆಗಟ್ಟಲೆ ಹಿಡಿಯುವ ಕೆಲಸ, ನಡುವೆ ಕಲಾವಿದ ನಗುವಂತಿಲ್ಲ. ನಡುರಾತ್ರಿ ದಾಟಿದ ಮೇಲೆ ಆ ವೇಷ ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ, ಜನರ ನಡುವಿನಿಂದ ಬರುತ್ತದೆ. ಚಂಡೆ ಏರುತ್ತದೆ, ದೊಂದಿಗೆ ರಾಳದ ಹುಡಿ ಎರಚುತ್ತಾರೆ, ಭಗ್ಗನೆ ಬೆಂಕಿ ಏಳುತ್ತದೆ, ಅಮ್ಮಂದಿರ ಮಡಿಲಲ್ಲಿ ಮಲಗಿದ್ದ ಮಕ್ಕಳೆಲ್ಲ ಒಟ್ಟಿಗೆ ಎದ್ದು ಅಳುತ್ತವೆ. ಮಹಿಷಾಸುರ ಬಂದ ಎಂದು ಯಾರೂ ಹೇಳಬೇಕಾಗಿಲ್ಲ.

ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣದ ಪ್ರಸಂಗಗಳಲ್ಲಿ ಕಡಲು ಹಾರುವ ಹನುಮಂತನಂತೂ ಈ ಸೀಮೆಯ ಮಕ್ಕಳಿಗೆ ಮನೆಯವನಷ್ಟು ಪರಿಚಿತ. ಇಂದು ಈಶ್ವರಮಂಗಲದಲ್ಲೇ ಹನುಮಗಿರಿ ಇದೆ, ಪಂಚಮುಖಿ ಆಂಜನೇಯನ ಗುಡಿ ಇದೆ, ಹನುಮಗಿರಿಯ ಹೆಸರು ಹೊತ್ತ ಮೇಳವೂ ತಿರುಗಾಟ ಮಾಡುತ್ತದೆ.

ಮೇ ತಿಂಗಳ ಕೊನೆಗೆ ಪತ್ತನಾಜೆ ಬಂದರೆ ಗೆಜ್ಜೆ ಬಿಚ್ಚಿದಂತೆ. ಮುಂದೆ ದೀಪಾವಳಿಯ ಆಚೀಚಿನವರೆಗೆ ಆಟ ಇಲ್ಲ, ನೇಮ ಇಲ್ಲ, ಮಳೆ ಮಾತ್ರ. ಆ ಐದು ತಿಂಗಳಲ್ಲಿ ಓದುವ ಅಭ್ಯಾಸ ಇದ್ದವರು ಸಿಕ್ಕಿದ್ದೆಲ್ಲ ಓದಿದರು. 1949ರಿಂದ ಕನ್ನಡ ‘ಚಂದಮಾಮ’ ಇತ್ತು. 1965ರಲ್ಲಿ ‘ಸುಧಾ’ ಬಂತು. ಅದರಲ್ಲಿ ಫ್ಯಾಂಟಮ್ ಚಿತ್ರಕಥೆ. ಲೀ ಫಾಕ್ ಈ ಮುಸುಕುಧಾರಿಯನ್ನು ಅಮೆರಿಕದ ಪತ್ರಿಕೆಗಳಿಗೆ ಕೊಟ್ಟದ್ದು 1936ರ ಫೆಬ್ರವರಿಯಲ್ಲಿ, ಸೂಪರ್‌ಮ್ಯಾನ್‌ಗಿಂತ ಎರಡು ವರ್ಷ ಮೊದಲು. ನಡೆದಾಡುವ ಭೂತ ಎಂಬುದು ಅವನ ಬಿರುದು. ನ್ಯೂಯಾರ್ಕಿನ ಓದುಗರಿಗೆ ಅದು ರೋಮಾಂಚನವಾಗಿದ್ದೀತು. ವರ್ಷಕ್ಕೊಮ್ಮೆ ಭೂತವೇ ಎದುರು ನಿಂತು, ಹೆಸರು ಹಿಡಿದು ಮಾತಾಡಿಸಿ, ಜಾಗದ ತಕರಾರು ತೀರ್ಮಾನಿಸುವ ಊರಿನಲ್ಲಿ ಭೂತ ನಡೆಯುತ್ತದೆ ಎಂದರೆ, ಅದರಲ್ಲೇನು ವಿಶೇಷ?

ಆ ಫ್ಯಾಂಟಮ್‌ನ ಕಥೆಗಳನ್ನು ಅಚ್ಚು ಹಾಕಿದ ಇಂದ್ರಜಾಲ ಕಾಮಿಕ್ಸ್ 1964ರಲ್ಲಿ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯಿಂದ ಹೊರಟಿತು. ಅಲ್ಲಿ ಕೆಲಸ ಮಾಡಿದವರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಒಬ್ಬರು. ಅವರು ಆಮೇಲೆ ‘ಅಮರ ಚಿತ್ರಕಥೆ’ಯ ಅಂಕಲ್ ಪೈ ಆದದ್ದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು ಅದರ ಮೊದಲ ಹತ್ತು ಸಂಚಿಕೆಗಳು ಕನ್ನಡದಲ್ಲಿ ಬಂದವು ಎಂಬ ಸಂಗತಿ. 1965ರಲ್ಲಿ ಬೆಂಗಳೂರಿನ ಇಂಡಿಯಾ ಬುಕ್ ಹೌಸಿನ ಜಿ.ಕೆ. ಅನಂತರಾಮ್ ಹೊರತಂದ ಅವು ಸಿಂಡ್ರೆಲ್ಲಾಳಂಥ ಪಾಶ್ಚಾತ್ಯ ಕಥೆಗಳು. ಕೃಷ್ಣ ಬಂದದ್ದು ಹನ್ನೊಂದನೆಯವನಾಗಿ.

ಫ್ಯಾಂಟಮ್ ಹುಟ್ಟಿದ ಅದೇ 1936ರಲ್ಲಿ ಶಿವರಾಮ ಕಾರಂತರ ‘ಬಾಲ ಪ್ರಪಂಚ’ದ ಮೂರು ಸಂಪುಟಗಳು ಹೊರಬಂದವು. ಕೋಟದಲ್ಲಿ ಹುಟ್ಟಿದ ಕಾರಂತರು ಆಗ ಪುತ್ತೂರಿನವರಾಗಿದ್ದರು; ಪರ್ಲಡ್ಕದ ಅವರ ಬಾಲವನ ಇಂದಿಗೂ ಇದೆ. ಮಕ್ಕಳಿಗೆ ನಕ್ಷತ್ರ, ಪ್ರಾಣಿ, ಯಂತ್ರ, ದೇಶ ಎಲ್ಲವನ್ನೂ ಕನ್ನಡದಲ್ಲಿ ಹೇಳುತ್ತೇನೆಂದು ಒಬ್ಬರೇ ಹೊರಟ ಸಾಹಸ ಅದು. 1959ರಿಂದ 1964ರೊಳಗೆ ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನೂ ಬರೆದು ಮುಗಿಸಿದರು. ಕಾರಂತರು ವಿಜ್ಞಾನ ಕಥೆ ಬರೆಯುವವರ ಸಾಲಿನವರಲ್ಲ. ಇಲಿಯೊಂದು ಅಂಗಿ ತೊಟ್ಟು ಹಾರುವ ಕಥೆಯನ್ನು ಅವರ ಕೈಗೆ ಕೊಟ್ಟಿದ್ದರೆ ಏನು ಕೇಳಬೇಕಾಗುತ್ತಿತ್ತೋ! ಆದರೂ ಗ್ರಹ ಎಂದರೆ ಜಾತಕದ ಮನೆಯಲ್ಲಿ ಕೂತಿರುವ ಶನಿಯಷ್ಟೇ ಅಲ್ಲ, ದುರ್ಬೀನಿನಲ್ಲಿ ಕಾಣುವ ಗುಂಡು ಎಂದು ಈ ಸೀಮೆಯ ಮಕ್ಕಳಿಗೆ ಕನ್ನಡದಲ್ಲೇ ತಿಳಿಸಿದ್ದು ಅಂಥ ಪುಸ್ತಕಗಳು. ಅಷ್ಟು ಗೊತ್ತಿಲ್ಲದವನಿಗೆ ಅನ್ಯಗ್ರಹದವರು ಬಂದರು ಎಂಬ ವಾಕ್ಯ ತಲೆಗೆ ಹತ್ತದು.

ಹೀಗೆ ನೆಲ ಹದವಾದ ಮೇಲೆ ಡಿಂಗ ಬಂದ. ಹನುಮಂತ ವಾಯುಪುತ್ರ, ಅವನ ಬಲ ಹುಟ್ಟಿನಿಂದ ಬಂದದ್ದು. ಮಹಿಷಾಸುರನದು ತಪಸ್ಸಿನ ವರ. ಕೋಟಿ-ಚೆನ್ನಯರದು ಸಾವಿನ ಆಚೆಗಿನದು. ಇಲಿಗೆ ಕುಲವಿಲ್ಲ, ತಪಸ್ಸಿಲ್ಲ, ಸಾಯಲೂ ಇಲ್ಲ. ಯಾರೋ ಹಿಡಿದೊಯ್ದರು, ಪ್ರಯೋಗ ಮಾಡಿದರು, ಶಕ್ತಿ ಬಂತು. ಜೇಡ ಕಚ್ಚಿ ಸ್ಪೈಡರ್‌ಮ್ಯಾನ್ ಆದ ಹುಡುಗನ ಕಥೆಯೂ ಇದೇ ಜಾತಿಯದು. 1962ರಲ್ಲೇ ಹುಟ್ಟಿದ ಅವನು ಮಲೆಯ ಬುಡಕ್ಕೆ ತಲುಪಿದ್ದು ಬಹಳ ತಡವಾಗಿ. ಬಹಳ ಮಂದಿ ಕನ್ನಡ ಮಕ್ಕಳಿಗೆ ವಿಜ್ಞಾನ ಕಾಲ್ಪನಿಕದ ಮೊದಲ ತುತ್ತು ತಿನ್ನಿಸಿದ್ದು ವೆಲ್ಸ್ ಅಲ್ಲ, ಜೂಲ್ಸ್ ವರ್ನ್ ಅಲ್ಲ, ಈ ಇಲಿ. ಸಾಹಿತ್ಯ ಚರಿತ್ರೆ ಬರೆಯುವವರು ಇದನ್ನು ಒಪ್ಪಲಿಕ್ಕಿಲ್ಲ. ಎಂಬತ್ತು, ತೊಂಬತ್ತರ ದಶಕದಲ್ಲಿ ಶಾಲೆಗೆ ಹೋದವರನ್ನು ಕೇಳಿದರೆ ‘ಡಿಂಗ, ಕಾಡಿನ ಕಿಟ್ಟ’ ಎಂದು ಒಂದೇ ಉಸಿರಿಗೆ ಹೇಳುತ್ತಾರೆ.

ಡಿಂಗನನ್ನು ಓದಿ ದೊಡ್ಡವರಾದವರಿಗೆ ಮುಂದಿನ ಓದು ಕನ್ನಡದಲ್ಲಿ ಇರಲಿಲ್ಲವೇ? ಇತ್ತು, ಹುಡುಕಬೇಕಿತ್ತು. ರಾಜಶೇಖರ ಭೂಸನೂರಮಠರು ವಿಜ್ಞಾನ ಕಥೆಯನ್ನೇ ಹಿಡಿದು ಕೂತರು. ಮನು ‘ಮಹಾಸಂಪರ್ಕ’ದಲ್ಲಿ ಮಹಾಭಾರತಕ್ಕೂ ಅನ್ಯಗ್ರಹದವರಿಗೂ ಗಂಟು ಹಾಕಿದರು. ಪೂರ್ಣಚಂದ್ರ ತೇಜಸ್ವಿ ಹಾರುವ ತಟ್ಟೆಗಳ ಬಗ್ಗೆ ‘ಫ್ಲೈಯಿಂಗ್ ಸಾಸರ್ಸ್’ ಬರೆದರು. ಅವರ ‘ಕರ್ವಾಲೋ’ (1980) ವಿಜ್ಞಾನ ಕಾಲ್ಪನಿಕವಲ್ಲ, ಆದರೂ ಅದರ ನಡುವೆ ಇರುವುದು ಹಾರುವ ಓತಿ. ಮೂಡಿಗೆರೆಯ ಕಾಡಿನಲ್ಲಿ ಅಷ್ಟು ಜನ ಹುಡುಕಾಡಿದ ಆ ಪ್ರಾಣಿ ಪುತ್ತೂರು-ಸುಳ್ಯದ ಅಡಿಕೆ ತೋಟದಲ್ಲಿ ಮರದಿಂದ ಮರಕ್ಕೆ ತೇಲುತ್ತಲೇ ಇರುತ್ತದೆ. ತೋಟದವರು ತಲೆ ಎತ್ತಿಯೂ ನೋಡುವುದಿಲ್ಲ.

1997ರ ಸೆಪ್ಟೆಂಬರಿನಲ್ಲಿ ದೂರದರ್ಶನಕ್ಕೆ ‘ಶಕ್ತಿಮಾನ್’ ಬಂದ. ಗುಡ್ಡಗಳ ನಡುವಿನ ಮನೆಗಳಲ್ಲಿ ಅವನನ್ನು ನೋಡುವುದು ಅವನು ಹಾರುವಷ್ಟೇ ಕಷ್ಟದ ಕೆಲಸ. ಉದ್ದದ ಕಂಬಕ್ಕೆ ಕಟ್ಟಿದ ಆಂಟೆನಾವನ್ನು ಅಂಗಳದಲ್ಲಿ ಒಬ್ಬ ತಿರುಗಿಸಬೇಕು, ಒಳಗಿನಿಂದ ಇನ್ನೊಬ್ಬ ‘ಬಂತು, ಬಂತು, ಹೋಯ್ತು’ ಎಂದು ಕೂಗಬೇಕು. ಹಿಂದಿ ಅರ್ಥವಾಗದಿದ್ದರೂ ನಷ್ಟವಿರಲಿಲ್ಲ. ಗಿರಗಿರ ಸುತ್ತಿ ಬರುವವನು ಏನು ಮಾಡುತ್ತಾನೆಂದು ಯಕ್ಷಗಾನದ ದಿಗಿಣ ನೋಡಿದ ಮಕ್ಕಳಿಗೆ ಯಾರೂ ವಿವರಿಸಬೇಕಿರಲಿಲ್ಲ.

ಕನ್ನಡ ಸಿನಿಮಾ ಈ ದಾರಿಯಲ್ಲಿ ಹೆಚ್ಚು ನಡೆಯಲಿಲ್ಲ. 2002ರಲ್ಲಿ ದಿನೇಶ್ ಬಾಬು ನಿರ್ದೇಶನದ ‘ಹಾಲಿವುಡ್’ ಚಿತ್ರದಲ್ಲಿ ಉಪೇಂದ್ರ ಯಂತ್ರಮಾನವನಾಗಿ ಬಂದರು, ರಜನೀಕಾಂತ್ ರೋಬೋ ಆಗುವುದಕ್ಕೆ ಎಂಟು ವರ್ಷ ಮುಂಚೆ. ಮುಂದೆ ಗಡಿಯಾಚೆಯವರೇ ಮತ್ತೆ ಮೇಲುಗೈ ಸಾಧಿಸಿದರು. 2021ರ ಕ್ರಿಸ್‌ಮಸ್ ಹೊತ್ತಿಗೆ ಬೇಸಿಲ್ ಜೋಸೆಫ್ ನಿರ್ದೇಶನದ ‘ಮಿನ್ನಲ್ ಮುರಳಿ’ ಬಂತು. ಸಿಡಿಲು ಬಡಿದು ಬಲ ಪಡೆವ ಹಳ್ಳಿಯ ದರ್ಜಿಯ ಕಥೆ ಕನ್ನಡದ ದನಿಯಲ್ಲೂ ಸಿಕ್ಕಿತು. 2025ರ ‘ಲೋಕಾ’ದಲ್ಲಿ ಕಳ್ಳಿಯಂಕಾಟ್ಟು ನೀಲಿ ಎಂಬ ಯಕ್ಷಿ ಸೂಪರ್‌ಹೀರೋ ಆಗಿ ಬಂದು ಇಳಿದದ್ದು ಬೆಂಗಳೂರಿಗೆ. ಮಲಯಾಳದವರು ತಮ್ಮ ಐತಿಹ್ಯವನ್ನು ಹೀಗೆ ಆಟಕ್ಕೆ ಬಳಸಿಕೊಳ್ಳಬಲ್ಲರು. ತುಳುನಾಡಿನ ಕಥೆಗಳನ್ನು ಅಷ್ಟು ಸಲೀಸಾಗಿ ಮುಟ್ಟುವುದು ಕಷ್ಟ, ಏಕೆಂದರೆ ಇಲ್ಲಿನ ವೀರರಿಗೆ ಇನ್ನೂ ದೀಪ ಹಚ್ಚುತ್ತಾರೆ. ಪಡುಮಲೆಯ ಗೆಜ್ಜೆಗಿರಿಯಲ್ಲಿ ದೇಯಿ ಬೈದೆತಿಯ ಮೂಲಸ್ಥಾನದ ಬ್ರಹ್ಮಕಲಶ ನಡೆದದ್ದು 2020ರಲ್ಲಿ.

ತಮಾಷೆಯೆಂದರೆ ಕೇರಳದಲ್ಲಿ ಇಲಿಗೂ ದೇವರ ಪಟ್ಟ ಸಿಕ್ಕಿತು. ಅಲ್ಲಿನ ವಿಚಾರವಾದಿಗಳು ಮತಗಳನ್ನು ಅಣಕಿಸಲು ‘ಡಿಂಕೋಯಿಸಂ’ ಕಟ್ಟಿದರು, 2016ರಲ್ಲಿ ಕೋಯಿಕ್ಕೋಡಿನಲ್ಲಿ ಸಮ್ಮೇಳನವನ್ನೂ ಮಾಡಿದರು. ಸಿನಿಮಾದವರು ಡಿಂಕನ ಹೆಸರಿಟ್ಟಾಗ ತಮ್ಮ ಭಾವನೆಗೆ ಧಕ್ಕೆಯಾಯಿತೆಂದು ಪ್ರತಿಭಟನೆ ಬೇರೆ. ಮಲಯಾಳದ ‘ಬಾಲಮಂಗಳಂ’ ಮಾತ್ರ 2012ರಲ್ಲೇ ನಿಂತಿತ್ತು.

ಕನ್ನಡದ ಹಳೆಯ ಸಂಚಿಕೆಗಳಿಗೆ ಈಗ ಹುಡುಕಾಟ. ನಲವತ್ತೈದು, ಐವತ್ತು ದಾಟಿದವರು ತವರಿಗೆ ಬಂದಾಗ ಏಣಿ ಹಾಕಿ ಅಟ್ಟ ಹತ್ತುತ್ತಾರೆ. ಅಡಿಕೆಯ ಗೋಣಿ, ಒಡೆದ ಕಳಸಿಗೆ, ಹಗ್ಗದ ಸುರುಳಿ ಸರಿಸಿದರೆ ಮೂಲೆಯಲ್ಲಿ ಒಂದು ಕಟ್ಟು ಸಿಕ್ಕರೂ ಸಿಕ್ಕೀತು. ಮುಖಪುಟ ಉಳಿದಿರುತ್ತದೆ, ಅಂಚು ಇರುವುದಿಲ್ಲ. ಒಳಪುಟಗಳನ್ನು ಇಲಿ ತಿಂದಿರುತ್ತದೆ.